‘ಪ್ರಕೃತಿಯಲ್ಲೇ ಹೀಗಿದೆ’ ಎಂಬುದು ನೀತಿಗೆ ಸಾಕ್ಷಿಯಲ್ಲ

ಮಾನ್ಯ ಸಂಪಾದಕರೇ,

ಜೀವವಿಕಾಸದ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ, ಪತ್ರಿಕೆಗಳ ಓದುಗರ ಅಂಕಣಗಳಲ್ಲಿ ಎರಡು ವಾದಗಳು ತಪ್ಪದೆ ಕೇಳಿಬರುತ್ತವೆ. ಮನುಷ್ಯ ಪ್ರಾಣಿಗಳ ಸಾಲಿನಿಂದಲೇ ಬಂದವನೆಂದು ಮಕ್ಕಳಿಗೆ ಕಲಿಸಿದರೆ ಅವರು ಪ್ರಾಣಿಗಳಂತೆಯೇ ನಡೆದುಕೊಳ್ಳುತ್ತಾರೆ, ದಯೆ-ಧರ್ಮ ಯಾವುದೂ ಉಳಿಯುವುದಿಲ್ಲ ಎಂಬುದು ಒಂದು. ಬಲವಿದ್ದವನು ಬದುಕುವುದು ಪ್ರಕೃತಿಯ ನಿಯಮ, ದುರ್ಬಲರಿಗೆ ಅನ್ನ, ಔಷಧ, ಮೀಸಲಾತಿ ಕೊಡುವುದು ಆ ನಿಯಮಕ್ಕೆ ವಿರುದ್ಧ ಎಂಬುದು ಇನ್ನೊಂದು. ಮೊದಲ ವಾದದವರು ಡಾರ್ವಿನ್‌ನನ್ನು ದೂರುತ್ತಾರೆ, ಎರಡನೆಯವರು ಅವನನ್ನೇ ಸಾಕ್ಷಿಗೆ ಕರೆಯುತ್ತಾರೆ. ಆದರೆ ಇಬ್ಬರ ತಪ್ಪೂ ಒಂದೇ. ಒಂದು ಗುಣ ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು, ಆ ಗುಣ ಸರಿಯೇ ಎಂಬ ಪ್ರಶ್ನೆಗೂ ಉತ್ತರವೆಂದು ಹಿಡಿಯುತ್ತಾರೆ.

ಇದನ್ನು ವಿವರಿಸಲು ದೂರದ ಉದಾಹರಣೆ ಬೇಕಿಲ್ಲ. ಈ ಶಾಸ್ತ್ರದ ಒಂದು ದೊಡ್ಡ ಚರ್ಚೆ ಮೊದಲಾದದ್ದೇ ಬೆಳಗಾವಿಯ ನೆರೆಯ ಧಾರವಾಡದಲ್ಲಿ. 1961ರಿಂದ 1963ರವರೆಗೆ ಜಪಾನಿನ ಯುಕಿಮಾರು ಸುಗಿಯಾಮಾ ಅಲ್ಲಿನ ಕಾಡಿನ ಕರಿಮೋರೆಯ ಮುಸುವಗಳನ್ನು ಅಭ್ಯಾಸ ಮಾಡಿದರು. ಈ ಮುಸುವಗಳ ಹಿಂಡಿನಲ್ಲಿ ಹೆಚ್ಚಾಗಿ ಒಂದೇ ದೊಡ್ಡ ಗಂಡು, ಹಲವು ಹೆಣ್ಣು, ಅವುಗಳ ಮರಿಗಳು ಇರುತ್ತವೆ. ಹಿಂಡಿಲ್ಲದ ಗಂಡುಗಳು ಬೇರೆ ಗುಂಪು ಕಟ್ಟಿಕೊಂಡು ಹೊರಗೆ ಸುತ್ತುತ್ತವೆ. ಸಮಯ ಸಾಧಿಸಿ ಮೇಲೆ ಬಿದ್ದು ಹಳೆಯ ಗಂಡನ್ನು ಓಡಿಸುತ್ತವೆ, ಕೊನೆಗೆ ಅವುಗಳಲ್ಲೊಂದು ಹಿಂಡಿನ ಒಡೆಯನಾಗುತ್ತದೆ. ಹೀಗೆ ಬಂದ ಹೊಸ ಗಂಡು ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಕೊಲ್ಲುವುದನ್ನು ಸುಗಿಯಾಮಾ 1962ರಲ್ಲಿ ದಾಖಲಿಸಿದರು.

ಬಹಳ ಜನ ಇದನ್ನು ಆಗ ರೋಗದ ವರ್ತನೆ ಎಂದುಕೊಂಡರು. ಜನವಸತಿಯ ಒತ್ತಡದಿಂದ ಮಂಗಗಳ ತಲೆ ಕೆಟ್ಟಿದೆ ಎಂದವರೂ ಇದ್ದರು. ಮುಂದೆ ರಾಜಸ್ಥಾನದ ಅಬು ಬೆಟ್ಟದಲ್ಲಿ ಇದೇ ಜಾತಿಯ ಮುಸುವಗಳನ್ನು ನೋಡಿದ ಸಾರಾ ಹರ್ಡಿ ಬೇರೆ ಕಾರಣ ಕೊಟ್ಟರು. ಹಾಲೂಡುವ ತಾಯಿ ಬೆದೆಗೆ ಬರುವುದಿಲ್ಲ; ಮರಿ ಸತ್ತರೆ ಬೇಗನೆ ಬರುತ್ತದೆ. ಹೊಸ ಗಂಡಿನ ಒಡೆತನವಾದರೂ ಕೆಲವೇ ವರ್ಷಗಳದ್ದು. ಕಾಯುವ ಗಂಡಿಗೆ ಮರಿಗಳು ಕಡಿಮೆ, ಕೊಲ್ಲುವ ಗಂಡಿಗೆ ಹೆಚ್ಚು. ಆದ್ದರಿಂದ ಆ ವರ್ತನೆ ತಲೆಮಾರುಗಳಲ್ಲಿ ಉಳಿದುಬಂತು. ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆ 1999ರಲ್ಲಿ ಪ್ರಕಟವಾಯಿತು. ಕೊಂದ ಗಂಡುಗಳು ಸತ್ತ ಮರಿಗಳ ತಂದೆಯಾಗಿರಲಿಲ್ಲ, ಆಮೇಲೆ ಹುಟ್ಟಿದ ಮರಿಗಳ ತಂದೆಯಾಗಿರುವ ಸಂಭವವೇ ಹೆಚ್ಚು ಎಂದು ಅದು ತೋರಿಸಿತು. ಹರ್ಡಿಯವರ ವಿವರಣೆಗೆ ಗಟ್ಟಿ ಆಧಾರ ಸಿಕ್ಕಂತಾಯಿತು.

ಇಷ್ಟೆಲ್ಲ ತಿಳಿದ ಮೇಲೂ ಯಾರಾದರೂ ಮಲಮಕ್ಕಳನ್ನು ಹಿಂಸಿಸುವುದು ಸರಿ ಎಂದಾರೆಯೇ? ಹೇಳುವುದಿಲ್ಲ. ವಿವರಣೆ ಪೂರ್ತಿಯಾದರೂ ಸಮರ್ಥನೆ ಎಳ್ಳಷ್ಟೂ ಹುಟ್ಟಲಿಲ್ಲ ಎಂದಾಯಿತು. ಇನ್ನೊಂದು ಸಂಗತಿಯನ್ನು ಜನ ಮರೆಯುತ್ತಾರೆ. ಅದೇ ಹಿಂಡಿನಲ್ಲಿ ತಾಯಂದಿರೂ ಮುದಿ ಹೆಣ್ಣುಗಳೂ ಕೂಡಿ ಆ ಗಂಡಿನ ಮೇಲೆ ಬೀಳುತ್ತವೆ, ಮರಿಯನ್ನು ಕಸಿದುಕೊಳ್ಳಲು ತಮ್ಮ ಪ್ರಾಣವನ್ನೇ ಒಡ್ಡುತ್ತವೆ. ಕೊಲ್ಲುವುದೂ ಪ್ರಕೃತಿ, ತಡೆಯುವುದೂ ಪ್ರಕೃತಿ. ಯಾವುದನ್ನು ಅನುಸರಿಸಬೇಕೆಂದು ಪ್ರಕೃತಿಯನ್ನೇ ಕೇಳಿದರೆ ಅದು ಎರಡನ್ನೂ ತೋರಿಸುತ್ತದೆ. ಆರಿಸುವ ಕೆಲಸ ನಮ್ಮ ಪಾಲಿಗೇ ಉಳಿಯುತ್ತದೆ.

ತತ್ತ್ವಶಾಸ್ತ್ರದಲ್ಲಿ ಈ ಎಚ್ಚರಿಕೆ ಹಳೆಯದು. ‘ಇದೆ’ ಎನ್ನುವ ವಾಕ್ಯಗಳಿಂದ ಹೊರಟ ಲೇಖಕರು ನಡುವೆ ಯಾವ ಕಾರಣವನ್ನೂ ಕೊಡದೆ ‘ಮಾಡಬೇಕು’ ಎನ್ನುವ ವಾಕ್ಯಗಳಿಗೆ ಜಾರುತ್ತಾರೆ ಎಂದು ಡೇವಿಡ್ ಹ್ಯೂಮ್ 1740ರಲ್ಲಿ ಬರೆದ. ಡಾರ್ವಿನ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು. ಜಿ.ಇ. ಮೂರ್ 1903ರಲ್ಲಿ ಹರ್ಬರ್ಟ್ ಸ್ಪೆನ್ಸರ್‌ನ ವಿಕಾಸ-ನೀತಿಯನ್ನು ಹೆಸರಿಟ್ಟು ಟೀಕಿಸಿದ. ‘ಹೆಚ್ಚು ವಿಕಾಸಗೊಂಡದ್ದು’ ಎಂದರೆ ‘ಹೆಚ್ಚು ಒಳ್ಳೆಯದು’ ಎಂದು ಎಲ್ಲಿಯೂ ಸಿದ್ಧವಾಗಿಲ್ಲ ಎಂಬುದು ಅವನ ಆಕ್ಷೇಪ.

ಯಾವ ವಾದವನ್ನಾದರೂ ಹೀಗೆ ಪರೀಕ್ಷಿಸಬಹುದು. ವಾದವನ್ನು ಒಂದೊಂದು ವಾಕ್ಯವಾಗಿ ಬಿಡಿಸಿ ಕಾಗದದ ಮೇಲೆ ಬರೆಯಿರಿ. ‘ಪ್ರಾಣಿಗಳಲ್ಲಿ ದುರ್ಬಲವಾದದ್ದು ಅಳಿಯುತ್ತದೆ’ ಮೊದಲನೆಯ ಸಾಲು, ‘ಆದ್ದರಿಂದ ದುರ್ಬಲರಿಗೆ ನೆರವು ಕೊಡಬಾರದು’ ಕೊನೆಯ ಸಾಲು. ನಡುವೆ ಒಂದು ಸಾಲು ಕಾಣೆಯಾಗಿದೆ: ‘ಪ್ರಾಣಿಗಳಲ್ಲಿ ನಡೆಯುವುದನ್ನೇ ಮನುಷ್ಯರೂ ಮಾಡಬೇಕು’. ಅದನ್ನು ಬರೆದು ತೋರಿಸಿದ ಕೂಡಲೇ ವಾದ ಮಾಡಿದವರೇ ಹಿಂದೆ ಸರಿಯುತ್ತಾರೆ, ಏಕೆಂದರೆ ಅದನ್ನು ಒಪ್ಪಿದರೆ ಧಾರವಾಡದ ಆ ಗಂಡು ಮುಸುವವನ್ನೂ ಒಪ್ಪಬೇಕಾಗುತ್ತದೆ. ಮೊದಲ ಸಾಲು ಕೂಡ ಅರ್ಧ ಸುಳ್ಳು. ವಿಕಾಸಶಾಸ್ತ್ರ ಎಣಿಸುವುದು ಉಳಿದ ಸಂತಾನವನ್ನು, ತೋಳ್ಬಲವನ್ನಲ್ಲ. ಗವಿಯಲ್ಲಿ ಕಣ್ಣು ಕಳೆದುಕೊಂಡ ಮೀನು ಅಲ್ಲಿಗೆ ತಕ್ಕದ್ದೇ.

ದಯೆಯ ಪಕ್ಷದವರೂ ಇದೇ ಗುಂಡಿಗೆ ಬೀಳುತ್ತಾರೆ ಎಂದು ಹೇಳಲೇಬೇಕು. 1902ರಲ್ಲಿ ರಷ್ಯಾದ ಚಿಂತಕ ಪೀಟರ್ ಕ್ರೊಪೋಟ್ಕಿನ್ ಪ್ರಾಣಿಲೋಕದಲ್ಲಿ ಪರಸ್ಪರ ನೆರವು ಎಷ್ಟು ದೊಡ್ಡ ಶಕ್ತಿ ಎಂದು ತೋರಿಸಿದ. ಅವನು ಕೂಡಿಸಿದ ಸಂಗತಿಗಳು ಬೆಲೆಯುಳ್ಳವು. ಆದರೆ ‘ಪ್ರಕೃತಿಯಲ್ಲಿ ಸಹಕಾರವಿದೆ, ಆದ್ದರಿಂದ ಸಹಕಾರವೇ ಧರ್ಮ’ ಎಂಬ ವಾದದಲ್ಲೂ ನಡುವಿನ ಸಾಲು ಕಾಣೆಯಾಗಿರುತ್ತದೆ. ತೀರ್ಮಾನ ನಮಗೆ ಇಷ್ಟವಾದದ್ದೆಂದು ದಾರಿಯಲ್ಲಿನ ಬಿರುಕನ್ನು ಕ್ಷಮಿಸಬಾರದು.

ಡಾರ್ವಿನ್‌ನನ್ನು ಸಾಕ್ಷಿಗೆ ಕರೆಯುವವರು ಅವನನ್ನು ಪೂರ್ತಿ ಓದಬೇಕು. ಮನುಷ್ಯನ ಉಗಮದ ಬಗ್ಗೆ 1871ರಲ್ಲಿ ಅವನು ಬರೆದ ಪುಸ್ತಕದಲ್ಲಿ ಒಂದು ಭಾಗವಿದೆ. ನಾಗರಿಕ ಸಮಾಜ ಆಸ್ಪತ್ರೆ ಕಟ್ಟುತ್ತದೆ, ಬಡವರಿಗೆ ಕಾನೂನು ಮಾಡುತ್ತದೆ, ಸಿಡುಬಿಗೆ ಲಸಿಕೆ ಹಾಕುತ್ತದೆ. ಹೀಗೆ ದುರ್ಬಲರೂ ಉಳಿದು ಸಂತಾನ ಪಡೆಯುತ್ತಾರೆ, ದನಕರು ಸಾಕುವವರಿಗೆ ಇದರಿಂದ ತಳಿಗೆ ಹಾನಿ ಎಂದು ಗೊತ್ತು ಎನ್ನುತ್ತಾನೆ. ದುರ್ಬಲರ ಸಂತಾನವನ್ನು ತಡೆದು ಮನುಷ್ಯರ ತಳಿಯನ್ನು ಸುಧಾರಿಸಬೇಕೆನ್ನುವ ತಳಿಶುದ್ಧಿಯ ಪಕ್ಷದವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮುಂದಿನ ಪರಿಚ್ಛೇದದಲ್ಲೇ ಅವನು ಹೇಳುವುದು ಬೇರೆ. ಅಸಹಾಯಕರಿಗೆ ನೆರವಾಗಬೇಕೆಂಬ ತುಡಿತವನ್ನು ಬುದ್ಧಿಯ ಮಾತು ಕೇಳಿ ಅದುಮಿದರೆ ನಮ್ಮ ಸ್ವಭಾವದ ಅತ್ಯಂತ ಉದಾತ್ತ ಭಾಗವೇ ಕೆಡುತ್ತದೆ. ದುರ್ಬಲರನ್ನು ಬೇಕೆಂದೇ ಕೈಬಿಟ್ಟರೆ ಮುಂದೆಂದೋ ಬರಬಹುದಾದ ಲಾಭಕ್ಕಾಗಿ ಇಂದೇ ಮಹಾ ಕೇಡನ್ನು ಮೈಮೇಲೆ ಎಳೆದುಕೊಂಡಂತೆ ಎನ್ನುತ್ತಾನೆ. ಇನ್ನು ‘ಸಮರ್ಥರ ಉಳಿವು’ ಎಂಬ ಘೋಷಣೆ ಸ್ಪೆನ್ಸರ್ 1864ರಲ್ಲಿ ಕಟ್ಟಿದ್ದು. ಡಾರ್ವಿನ್ ಅದನ್ನು ಜೀವಜಾತಿಗಳ ಉಗಮವನ್ನು ಕುರಿತ ತನ್ನ ಮೊದಲಿನ ಗ್ರಂಥದೊಳಗೆ ಸೇರಿಸಿಕೊಂಡದ್ದು 1869ರ ಐದನೆಯ ಆವೃತ್ತಿಯಲ್ಲಿ.

ಆ ಅರ್ಧ ಓದಿನ ಫಲ ಭೀಕರವಾಗಿತ್ತು. ತಳಿಶುದ್ಧಿಯ ಶಾಸ್ತ್ರಕ್ಕೆ 1883ರಲ್ಲಿ ಹೆಸರು ಕೊಟ್ಟವನು ಡಾರ್ವಿನ್‌ನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್. ಒತ್ತಾಯದ ಸಂತಾನಹರಣ ಚಿಕಿತ್ಸೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1927ರಲ್ಲಿ ಎತ್ತಿಹಿಡಿಯಿತು. ಆ ದೇಶದಲ್ಲಿ 60,000ಕ್ಕೂ ಹೆಚ್ಚು ಜನ ಇದಕ್ಕೆ ಬಲಿಯಾದರು. 1933ರಲ್ಲಿ ನಾಜಿ ಜರ್ಮನಿ ಇಂಥದೇ ಕಾನೂನು ತಂದಿತು, ಅದು ಎಲ್ಲಿಗೆ ಹೋಗಿ ಮುಟ್ಟಿತೆಂದು ಜಗತ್ತಿಗೇ ಗೊತ್ತು. ಲೆಕ್ಕದಲ್ಲೂ ಆ ಶಾಸ್ತ್ರ ಪೊಳ್ಳು. ತಾಯಿ-ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುವ ಒಂದು ರೋಗ 10,000 ಜನರಲ್ಲಿ ಒಬ್ಬರಿಗೆ ಇದೆಯೆನ್ನಿ. ಆಗ ಆ ರೋಗವನ್ನು ತಲೆಮಾರಿನಿಂದ ತಲೆಮಾರಿಗೆ ಒಯ್ಯುವ ಜೀನಿನ ಪ್ರಮಾಣ ನೂರಕ್ಕೆ ಒಂದು. ರೋಗವಿಲ್ಲದೆ ಜೀನನ್ನು ಹೊತ್ತವರು ಸುಮಾರು 50ಕ್ಕೆ ಒಬ್ಬರು, ಅಂದರೆ ರೋಗಿ ಒಬ್ಬರಿದ್ದರೆ ಹೊತ್ತವರು ಹತ್ತಿರಹತ್ತಿರ 200. ಪ್ರತಿ ತಲೆಮಾರಿನಲ್ಲೂ ರೋಗಿಗಳೆಲ್ಲರ ಸಂತಾನವನ್ನು ತಡೆದರೂ ಜೀನಿನ ಪ್ರಮಾಣ ಅರ್ಧಕ್ಕೆ ಇಳಿಯಲು 100 ತಲೆಮಾರು, ಸುಮಾರು 2,500 ವರ್ಷ ಬೇಕು. ಹಾಗೆಂದು ‘ಫಲ ಕೊಡದ್ದರಿಂದ ತಪ್ಪು’ ಎಂದು ವಾದಿಸಬಾರದು. ಫಲ ಕೊಟ್ಟಿದ್ದರೂ ಅದು ತಪ್ಪೇ ಆಗುತ್ತಿತ್ತು.

ನಮ್ಮಲ್ಲಿ ಜಾತಿಗೂ ಇದೇ ಸಮರ್ಥನೆ ಬಂದಿತ್ತು, ಈಗಲೂ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಅಂಬೇಡ್ಕರ್ 1936ರಲ್ಲೇ, ಜಾತಿ ನಾಶವನ್ನು ಕುರಿತ ತಮ್ಮ ಭಾಷಣದಲ್ಲಿ, ಅದನ್ನು ಮುರಿದು ಹಾಕಿದರು. ಒಂದು ಪ್ರಾಂತದ ಬ್ರಾಹ್ಮಣನೂ ಅದೇ ಪ್ರಾಂತದ ಅಸ್ಪೃಶ್ಯನೂ ಒಂದೇ ಬುಡಕಟ್ಟಿನ ರಕ್ತದವರು, ಜಾತಿ ತಳಿಯ ಗಡಿಯಲ್ಲ ಎಂಬುದು ಅವರ ಉತ್ತರ. ಆ ಭಾಷಣವನ್ನು ಜೀವಶಾಸ್ತ್ರದ ತರಗತಿಯಲ್ಲೂ ಓದಿಸಬೇಕು.

ಹಾಗಾದರೆ ವಿಕಾಸಶಾಸ್ತ್ರದಿಂದ ನೀತಿಗೆ ಏನೂ ಸಿಗುವುದಿಲ್ಲವೇ? ಬಹಳ ಸಿಗುತ್ತದೆ. ನಮ್ಮ ದಯೆ ಎಲ್ಲಿ ತಾನಾಗಿ ಹರಿಯುತ್ತದೆ, ಎಲ್ಲಿ ಬತ್ತುತ್ತದೆ ಎಂಬುದು ಅದರಿಂದ ತಿಳಿಯುತ್ತದೆ.

ಇಂಗ್ಲೆಂಡಿನ ಜೀವಶಾಸ್ತ್ರಜ್ಞ ಡಬ್ಲ್ಯೂ.ಡಿ. ಹ್ಯಾಮಿಲ್ಟನ್ 1964ರಲ್ಲಿ ಕೊಟ್ಟ ಸೂತ್ರವನ್ನು ಮಾತಿನಲ್ಲಿ ಹೇಳಬಹುದು: ನೆರವು ಪಡೆದವರಿಗಾದ ಲಾಭವನ್ನು ಅವರೊಂದಿಗಿನ ರಕ್ತಸಂಬಂಧದ ಅಂಶದಿಂದ ಗುಣಿಸಿದಾಗ ಬರುವ ಮೊತ್ತ, ನೆರವಾದವರ ನಷ್ಟಕ್ಕಿಂತ ಹೆಚ್ಚಿದ್ದರೆ ಅಂಥ ತ್ಯಾಗದ ಗುಣ ತಲೆಮಾರುಗಳಲ್ಲಿ ಹರಡಬಲ್ಲದು. ಒಡಹುಟ್ಟಿದವರಿಗೆ ಆ ಅಂಶ 1/2, ಅಕ್ಕನ ಮಗಳಿಗೆ 1/4, ಸೋದರಮಾವನ ಮಕ್ಕಳಿಗೆ 1/8. ಲಾಭ-ನಷ್ಟವನ್ನು ಅಳೆಯುವುದು ಹುಟ್ಟುವ ಮಕ್ಕಳ ಲೆಕ್ಕದಲ್ಲಿ. ‘ಮನುಷ್ಯರೆಲ್ಲರ ಜೀನುಗಳು ಶೇಕಡಾ 99ಕ್ಕಿಂತ ಹೆಚ್ಚು ಒಂದೇ, ಹಾಗಾದರೆ ಎಲ್ಲರೂ ಸಮಾನ ಬಂಧುಗಳು’ ಎಂದು ಇಲ್ಲಿ ಎಡವುವುದು ಸಾಮಾನ್ಯ. ಸೂತ್ರದ ಅಂಶ ಹೇಳುವುದು ಊರಿನ ಸರಾಸರಿಗಿಂತ ಎಷ್ಟು ಹೆಚ್ಚು ಹಂಚಿಕೆಯಿದೆ ಎಂಬುದನ್ನು.

ಸೂತ್ರದ ಮಿತಿಯನ್ನು ನಮ್ಮ ಮದುವೆಯ ಪದ್ಧತಿಗಳೇ ತೋರಿಸುತ್ತವೆ. ಈ ಭಾಗದ ಅನೇಕ ಹಿಂದೂ ಕುಟುಂಬಗಳಲ್ಲಿ ಸೋದರಮಾವನ ಮಗಳನ್ನು ತರಬಹುದು, ಸೋದರಮಾವನಿಗೇ ಅಕ್ಕನ ಮಗಳನ್ನು ಕೊಡುವುದೂ ಉಂಟು. ಕಾಕಾನ ಮಗಳು ಮಾತ್ರ ತಂಗಿ, ಅಂಥ ಮಾತೆತ್ತುವುದೇ ಪಾಪ. ಅದೇ ಓಣಿಯ ಮುಸ್ಲಿಂ ಕುಟುಂಬಗಳಲ್ಲಿ ಕಾಕಾನ ಮಗಳೊಂದಿಗೆ ಮದುವೆ ನಡೆಯುತ್ತದೆ, ಅಕ್ಕನ ಮಗಳೊಂದಿಗಿನದು ನಿಷಿದ್ಧ. ಜೀನಿನ ಲೆಕ್ಕದಲ್ಲಿ ಕಾಕಾನ ಮಗಳೂ ಮಾವನ ಮಗಳೂ 1/8. ರಕ್ತದ ಅಂಶ ಒಂದೇ, ಕಟ್ಟಳೆ ಬೇರೆ ಬೇರೆ. ವಿಕಾಸ ನಮಗೆ ಬಂಧುಪ್ರೀತಿಯನ್ನು, ಕೂಡಿ ಬೆಳೆದವರ ಬಗ್ಗೆ ಒಂದು ಬಗೆಯ ಸಂಕೋಚವನ್ನು ಕೊಟ್ಟಿರಬಹುದು. ಯಾರು ಬಂಧು, ಯಾರೊಂದಿಗೆ ಏನು ಸಲ್ಲುತ್ತದೆ ಎಂಬುದನ್ನು ಸಮಾಜ ತಾನೇ ಬರೆದುಕೊಳ್ಳುತ್ತದೆ. ಮಕ್ಕಳ ಆರೋಗ್ಯದ ಪ್ರಶ್ನೆ ಬಂದಾಗ ಮಾತ್ರ ಜೀನಿನ ಲೆಕ್ಕ ಮತ್ತೆ ಮುಖ್ಯ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದಾಗ ಹುಟ್ಟುವ ಮಗುವಿಗೆ ಒಂದೇ ಪೂರ್ವಜರ ಜೀನು ಎರಡೂ ಕಡೆಯಿಂದ ಬರುವ ಸಂಭವ 1/8. ಮಾವನ ಮಗಳಾಗಲಿ ಕಾಕಾನ ಮಗಳಾಗಲಿ, ಆಗ 1/16. ಇಲ್ಲಿ ವಿಜ್ಞಾನ ಕೊಡುವುದು ಅಪಾಯದ ಅಳತೆ. ಆ ಅಪಾಯವನ್ನು ಮಗುವಿನ ಮೇಲೆ ಹೊರಿಸಬಹುದೇ ಎಂಬುದು ತಾಯ್ತಂದೆಯರು ಎದುರಿಸಬೇಕಾದ ನೀತಿಯ ಪ್ರಶ್ನೆ.

ರಕ್ತಸಂಬಂಧವಿಲ್ಲದವರ ನಡುವಿನ ನೆರವನ್ನು ಅಮೆರಿಕದ ಜೀವಶಾಸ್ತ್ರಜ್ಞ ರಾಬರ್ಟ್ ಟ್ರಿವರ್ಸ್ 1971ರಲ್ಲಿ ವಿವರಿಸಿದ. ನಮ್ಮ ಮುಯ್ಯಾಳಿನ ಪದ್ಧತಿಯ ತಿರುಳೇ ಅದು: ಇಂದು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು. ರಾಬರ್ಟ್ ಆ್ಯಕ್ಸಲ್‌ರಾಡ್ ಇದನ್ನು, ಪ್ರತಿ ಸುತ್ತಿನಲ್ಲೂ ಜೊತೆಗೂಡುವುದೋ ಮೋಸ ಮಾಡುವುದೋ ಆರಿಸಬೇಕಾದ ಕಂಪ್ಯೂಟರ್ ಪಂದ್ಯವಾಗಿ ಆಡಿಸಿದ. ಮೊದಲ ಪಂದ್ಯಕ್ಕೆ 14 ತಂತ್ರಗಳು, ಎರಡನೆಯದಕ್ಕೆ 62 ತಂತ್ರಗಳು ಬಂದವು. ಎರಡರಲ್ಲೂ ಗೆದ್ದದ್ದು ಅನಾಟೊಲ್ ರಾಪಪೋರ್ಟ್ ಕಳಿಸಿದ ಎಲ್ಲಕ್ಕಿಂತ ಚಿಕ್ಕ ತಂತ್ರ: ಮೊದಲು ಜೊತೆಗೂಡು, ಆಮೇಲೆ ಎದುರಿನವ ಹಿಂದಿನ ಸಲ ಮಾಡಿದ್ದನ್ನೇ ಮಾಡು.

ಇದನ್ನು ಯಾವ ಪ್ರೌಢಶಾಲೆಯಲ್ಲಾದರೂ ಒಂದು ಅವಧಿಯಲ್ಲಿ ಆಡಿಸಬಹುದು. ಮಕ್ಕಳನ್ನು ಜೋಡಿ ಮಾಡಿ, ಪ್ರತಿಯೊಬ್ಬರಿಗೂ ‘ಜೊತೆ’, ‘ಮೋಸ’ ಎಂದು ಬರೆದ ಎರಡು ಚೀಟಿ, ಜೋಡಿಗೆ 120 ಕಡಲೆಕಾಳು ಕೊಡಿ. ಇಬ್ಬರೂ ಒಂದೇ ಕ್ಷಣಕ್ಕೆ ಚೀಟಿ ತಿರುಗಿಸಬೇಕು. ಇಬ್ಬರೂ ಜೊತೆಯೆಂದರೆ ತಲಾ 3 ಕಾಳು, ಇಬ್ಬರೂ ಮೋಸವೆಂದರೆ ತಲಾ 1. ಒಬ್ಬ ಮೋಸ ಮಾಡಿ ಇನ್ನೊಬ್ಬ ಜೊತೆಗೂಡಿದರೆ ಮೋಸಗಾರನಿಗೆ 5, ಇನ್ನೊಬ್ಬನಿಗೆ ಸೊನ್ನೆ. 5ರ ಬದಲು 7 ಇಟ್ಟರೆ ಆಟ ಕೆಡುತ್ತದೆ, ಏಕೆಂದರೆ ಸರದಿಯ ಮೇಲೆ ಮೋಸ ಮಾಡಿಕೊಳ್ಳುವುದೇ ಇಬ್ಬರಿಗೂ ಲಾಭವಾಗುತ್ತದೆ. ಎಷ್ಟು ಸುತ್ತು ಎಂದು ಮೊದಲೇ ಹೇಳಬೇಡಿ. ಕೊನೆಯ ಸುತ್ತು ಗೊತ್ತಿದ್ದರೆ ಅಲ್ಲಿ ಮೋಸ ಮಾಡಲು ಇಬ್ಬರಿಗೂ ಮನಸ್ಸಾಗುತ್ತದೆ, ಅದು ಗೊತ್ತಿದ್ದರಿಂದ ಅದರ ಹಿಂದಿನದರಲ್ಲೂ, ಹೀಗೆ ಮೋಸ ಹಿಂದಕ್ಕೆ ಹಬ್ಬುತ್ತದೆ. ಹತ್ತು ಸುತ್ತಿನ ನಂತರ ಪ್ರತಿ ಸುತ್ತಿಗೂ ದಾಳ ಉರುಳಿಸಿ, ಆರು ಬಿದ್ದಾಗ ನಿಲ್ಲಿಸಿ. ಸರಾಸರಿ 16 ಸುತ್ತಿಗೆ ಆಟ ಮುಗಿಯುತ್ತದೆ.

ಮಕ್ಕಳು ಎಡವುವುದು ಹೆಚ್ಚಾಗಿ ಎರಡು ಕಡೆ. ಪಕ್ಕದವನನ್ನು ಸೋಲಿಸಬೇಕೆಂದು ಆಡುತ್ತಾರೆ. ಆದರೆ ರಾಪಪೋರ್ಟ್‌ನ ತಂತ್ರ ಯಾವ ಜೋಡಿ ಆಟದಲ್ಲೂ ಎದುರಾಳಿಗಿಂತ ಹೆಚ್ಚು ಅಂಕ ಪಡೆಯುವುದೇ ಇಲ್ಲ. ಅದು ಗೆದ್ದದ್ದು ಒಟ್ಟು ಮೊತ್ತದಲ್ಲಿ. ಗೋಡೆಯ ಮೇಲೆ ಒಟ್ಟು ಮೊತ್ತವನ್ನೇ ಬರೆದರೆ ಅವರ ಗಮನ ಅತ್ತ ತಿರುಗುತ್ತದೆ. ಇನ್ನೊಂದು, ಕೈತಪ್ಪಿ ತಿರುಗಿಸಿದ ಒಂದು ಚೀಟಿ. ಇಬ್ಬರೂ ಇದೇ ತಂತ್ರದಲ್ಲಿದ್ದರೆ ಆ ಒಂದು ತಪ್ಪಿಗೆ ಸೇಡು, ಸೇಡಿಗೆ ಮರುಸೇಡು, ಅದು ನಿಲ್ಲುವುದಿಲ್ಲ. ಗಣಿತದ ವಿದ್ವಾಂಸರಾದ ನೊವಾಕ್ ಮತ್ತು ಸಿಗ್ಮಂಡ್ 1992ರಲ್ಲಿ ಇದಕ್ಕೆ ಪರಿಹಾರ ತೋರಿಸಿದರು. ಈ 5-3-1-0 ಲೆಕ್ಕದಲ್ಲಿ ಮೂರರಲ್ಲಿ ಒಂದು ಮೋಸವನ್ನು ಕ್ಷಮಿಸುವ ತಂತ್ರ ಹೆಚ್ಚು ಬಾಳುತ್ತದೆ. ತರಗತಿಯಲ್ಲಿ ಅದಕ್ಕೂ ದಾಳ ಸಾಕು: ಮೋಸ ಕಂಡಾಗ ಉರುಳಿಸಿ, 1 ಅಥವಾ 2 ಬಿದ್ದರೆ ಕ್ಷಮಿಸಿ. ಪ್ರತಿ ಸಲವೂ ಕ್ಷಮಿಸಿದರೆ ಮೋಸಗಾರ ದೋಚಿಕೊಳ್ಳುತ್ತಾನೆ, ಎಂದೂ ಕ್ಷಮಿಸದಿದ್ದರೆ ಜಗಳ ಮುಗಿಯುವುದಿಲ್ಲ. ಇದನ್ನು ಉಪದೇಶಿಸುವುದಕ್ಕಿಂತ ಮಕ್ಕಳು ಕೈಯಲ್ಲಿನ ಕಾಳು ಎಣಿಸಿ ಕಂಡುಕೊಳ್ಳುವುದು ಲೇಸು.

ಆಟ ಮುಗಿದ ಮೇಲೆ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಮುಯ್ಯಿ ತೀರಿಸಲಾರದವರ ಗತಿಯೇನು? ಹಾಸಿಗೆ ಹಿಡಿದ ಮುದುಕಿ, ದುಡಿಯಲಾಗದ ಎತ್ತು, ಇನ್ನೂ ಹುಟ್ಟದ ಮೊಮ್ಮಕ್ಕಳು. ಇವರ ಮೇಲಿನ ನಮ್ಮ ಹೊಣೆಯನ್ನು ರಕ್ತಸಂಬಂಧದ ಸೂತ್ರವೂ ಮುಯ್ಯಿಯ ಆಟವೂ ಹೊರಲಾರವು.

ನಮ್ಮ ಜಿಲ್ಲೆಗಳ ಕಾಲುವೆಗಳಲ್ಲಿ ಈ ಕೊರತೆ ಕಣ್ಣಿಗೇ ಕಾಣುತ್ತದೆ. ಘಟಪ್ರಭೆಯಾಗಲಿ, ಮಲಪ್ರಭೆಯಾಗಲಿ, ಆಲಮಟ್ಟಿಯದಾಗಲಿ, ನೀರು ಹರಿಯುವುದು ಒಂದೇ ದಿಕ್ಕಿಗೆ. ಮೇಲಿನ ಹೊಲದವನು ಪಾಳಿ ಮೀರಿ ತೂಬು ತೆರೆದುಕೊಂಡರೆ ತುದಿಯ ರೈತ ನೀರಿನಿಂದಲೇ ಅದಕ್ಕೆ ಉತ್ತರ ಕೊಡಲಾರ. ಮುಯ್ಯಿಯ ಸರಪಳಿ ಅಲ್ಲಿ ಮೊದಲೇ ಕಡಿದಿದೆ. ಎಲಿನಾರ್ ಆಸ್ಟ್ರಮ್ (2009ರ ನೊಬೆಲ್ ಪುರಸ್ಕೃತೆ) ನೇಪಾಳದ ಕಾಲುವೆಗಳಲ್ಲಿ ಕಂಡದ್ದು ಇಲ್ಲಿಗೂ ಹೊಂದುತ್ತದೆ. ರೈತರೇ ಕಟ್ಟಿಕೊಂಡ ಮಣ್ಣು-ಕಲ್ಲಿನ ಒಡ್ಡನ್ನು ವರ್ಷವರ್ಷವೂ ದುರಸ್ತಿ ಮಾಡಲು ಮೇಲಿನವರಿಗೆ ತುದಿಯವರ ತೋಳು ಬೇಕಿತ್ತು, ಆ ದುಡಿಮೆಯ ಬದಲಿಗೆ ತುದಿಗೂ ನೀರು ಮುಟ್ಟುತ್ತಿತ್ತು. ಕಾಂಕ್ರೀಟಿನ ಶಾಶ್ವತ ಒಡ್ಡು ಬಂದ ಕಡೆ ತುದಿಯವರ ದುಡಿಮೆ ಬೇಡವಾಯಿತು, ಅವರ ಪಾಲಿನ ನೀರೂ ಕ್ಷೀಣಿಸಿತು. ಒಳ್ಳೆಯ ಎಂಜಿನಿಯರಿಂಗ್ ಕೆಲಸವೇ ಹಳೆಯ ಒಪ್ಪಂದದ ಬುಡವನ್ನು ಕತ್ತರಿಸಿತು. ನೀರು ಬಳಕೆದಾರರ ಸಹಕಾರ ಸಂಘಗಳು ಇದರಿಂದ ಕಲಿಯುವುದಿದೆ. ತೂಬಿನ ಕಾವಲಿಗೆ ತುದಿಯ ರೈತರನ್ನೂ ನೇಮಿಸಬೇಕು, ಪಾಳಿ ಎಲ್ಲರಿಗೂ ಕಾಣುವಂತೆ ಬರೆದಿರಬೇಕು, ಮೊದಲ ತಪ್ಪಿಗೆ ಸಣ್ಣ ದಂಡ, ಮರುಕಳಿಸಿದರೆ ದೊಡ್ಡದು. ಮೊದಲೇ ಭಾರೀ ದಂಡ ಬರೆದಿಟ್ಟರೆ ನೆರೆಹೊರೆಯ ದಾಕ್ಷಿಣ್ಯಕ್ಕೆ ಯಾರೂ ಅದನ್ನು ವಸೂಲು ಮಾಡುವುದಿಲ್ಲ. ಮನುಷ್ಯ ಸ್ವಭಾವದ ಜ್ಞಾನ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಯಾವ ಕಟ್ಟಳೆ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂದು ಹೇಳುತ್ತದೆ. ‘ತುದಿಯವನಿಗೂ ಪಾಲು ಸಲ್ಲಬೇಕು’ ಎಂಬ ಮೊದಲ ಸಾಲನ್ನು ಮಾತ್ರ ನ್ಯಾಯದ ವಿಚಾರದಿಂದ ತರಬೇಕು.

ಇನ್ನು ಕಠಿಣವಾದ ಪ್ರಶ್ನೆ. ಜೇನುಹುಳಗಳಂತೆ ಬೆಳೆದಿದ್ದರೆ ಮನುಷ್ಯರಲ್ಲೂ ಅವಿವಾಹಿತ ಹೆಣ್ಣುಗಳು ಅಣ್ಣತಮ್ಮಂದಿರನ್ನು ಕೊಲ್ಲುವುದನ್ನೇ ಪವಿತ್ರ ಕರ್ತವ್ಯವೆಂದು ತಿಳಿಯುತ್ತಿದ್ದರು ಎಂದು ಡಾರ್ವಿನ್ ಬರೆದಿದ್ದಾನೆ. ಅಮೆರಿಕದ ತತ್ತ್ವಜ್ಞೆ ಶರಾನ್ ಸ್ಟ್ರೀಟ್ 2006ರಲ್ಲಿ ಇದನ್ನು ಹರಿತಗೊಳಿಸಿದರು. ನಮ್ಮ ನೈತಿಕ ನಂಬಿಕೆಗಳನ್ನು ರೂಪಿಸಿದ್ದು ಸಂತಾನವೃದ್ಧಿಯ ಒತ್ತಡವಾದರೆ, ಅವು ಸತ್ಯವನ್ನೇ ಹಿಡಿದಿವೆ ಎಂಬ ಭರವಸೆ ಎಲ್ಲಿಂದ ಬರಬೇಕು? ಕಣ್ಣೂ ವಿಕಾಸದ ಫಲವೇ ಅಲ್ಲವೇ ಎಂದು ಉತ್ತರಿಸಿದರೆ ಸಾಲದು. ಹಳ್ಳವನ್ನು ಹಳ್ಳವೆಂದು ತೋರಿಸದ ಕಣ್ಣಿನವನು ಬಿದ್ದು ಸಾಯುತ್ತಾನೆ, ಅಲ್ಲಿ ಸತ್ಯಕ್ಕೂ ಉಳಿವಿಗೂ ನೇರ ನಂಟಿದೆ. ‘ನಮ್ಮವರಿಗೆ ಮೊದಲು’ ಎಂಬ ಭಾವನೆ ಸತ್ಯವಿರಲಿ ಬಿಡಲಿ, ಅದಿದ್ದವರ ಮಕ್ಕಳು ಉಳಿಯುತ್ತಿದ್ದರು.

ಈ ವಾದವನ್ನು ಅಲ್ಲಗಳೆಯದೆ ಅದಕ್ಕೆ ಸಲ್ಲುವಷ್ಟು ಜಾಗ ಕೊಡಬೇಕೆಂದು ನನ್ನ ಅಭಿಪ್ರಾಯ. ಒಂದು ನಂಬಿಕೆಯ ಹುಟ್ಟು ಅದನ್ನು ಸುಳ್ಳಾಗಿಸುವುದಿಲ್ಲ. ರಾಮಾನುಜನ್ ತಮ್ಮ ಸೂತ್ರಗಳನ್ನು ನಾಮಗಿರಿ ದೇವಿ ಕನಸಿನಲ್ಲಿ ಕೊಟ್ಟಳೆನ್ನುತ್ತಿದ್ದರು. ಗಣಿತಜ್ಞರು ಕನಸನ್ನು ಬದಿಗಿಟ್ಟು ಪುರಾವೆಯನ್ನು ಹುಡುಕಿದರು, ಬಹಳಷ್ಟು ಸೂತ್ರಗಳು ನಿಂತವು, ಕೆಲವು ಬಿದ್ದವು. ನೈತಿಕ ನಂಬಿಕೆಗೂ ಅದೇ ಪರೀಕ್ಷೆ. ಅದರ ಹಿಂದಿನ ಭಾವನೆಯನ್ನು ಕಳೆದ ಮೇಲೂ ಕಾರಣ ಉಳಿಯುತ್ತದೆಯೇ? ಅವನ ಜಾಗದಲ್ಲಿ ನಾನು, ನನ್ನ ಜಾಗದಲ್ಲಿ ಅವನು ನಿಂತರೂ ಅದೇ ಮಾತು ಹೇಳುತ್ತೇನೆಯೇ? ಅದು ಆಧರಿಸಿದ ಸಂಗತಿಗಳು ನಿಜವೇ? ‘ಬೇರೆ ಓಣಿಯವರು ಹೊಲಸು’ ಎಂಬ ಅಸಹ್ಯ ಮೊದಲ ಪ್ರಶ್ನೆಗೇ ಬೀಳುತ್ತದೆ. ರೋಗದ ಭಯದಿಂದ ಹುಟ್ಟಿದ ಹಳೆಯ ಭಾವನೆಗೆ ಮನುಷ್ಯರನ್ನು ಗುರಿ ಮಾಡಿದ್ದು ಅದು. ‘ನೋವು ಕೆಟ್ಟದ್ದು, ಯಾರ ನೋವೇ ಆಗಲಿ’ ಎಂಬುದು ಮೂರನ್ನೂ ದಾಟಿ ನಿಲ್ಲುತ್ತದೆ. ಸ್ಟ್ರೀಟ್ ಇದನ್ನು ಒಪ್ಪುವುದಿಲ್ಲ. ಪರೀಕ್ಷೆಗೆ ಬಳಸುವ ಅಳತೆಗೋಲೂ ಅದೇ ಒತ್ತಡದಿಂದ ಬಂದದ್ದಲ್ಲವೇ ಎಂದು ಕೇಳುತ್ತಾರೆ. ಆ ಆಕ್ಷೇಪಕ್ಕೆ ಪೂರ್ತಿ ಉತ್ತರ ಇನ್ನೂ ಯಾರಿಂದಲೂ ಬಂದಿಲ್ಲವೆಂದೇ ನನ್ನ ತಿಳುವಳಿಕೆ. ಆದರೆ ಸಂಗತತೆ, ತರ್ಕ ಇವುಗಳನ್ನೇ ಕೈಬಿಟ್ಟರೆ ವಿಕಾಸಶಾಸ್ತ್ರವನ್ನು ನಂಬಲೂ ಆಧಾರ ಉಳಿಯುವುದಿಲ್ಲ.

ಬಸವಣ್ಣನವರು ಹುಟ್ಟಿದ ಬಾಗೇವಾಡಿ, ಐಕ್ಯವಾದ ಕೂಡಲಸಂಗಮ ಎರಡೂ ನಮ್ಮ ಈ ಸೀಮೆಯವು. 12ನೇ ಶತಮಾನದ ಶರಣರು ಎದುರಿಗೆ ಬಂದವನ ಕುಲ ಕೇಳದೆ ಮನೆಯ ಮಗನೆಂದೇ ಎಣಿಸಲು ಹೇಳಿದರು, ದಯೆಯನ್ನು ಎಲ್ಲ ಜೀವಿಗಳಿಗೂ ಹಬ್ಬಿಸಿದರು. ರಕ್ತಸಂಬಂಧಕ್ಕೆಂದು ಬಂದ ಮಮತೆಯನ್ನು ರಕ್ತಸಂಬಂಧದ ಆಚೆಗೆ ಒಯ್ದ ವಿಚಾರ ಅದು. ಹುಟ್ಟುಗುಣದ ಮೇಲೆ ನಿಂತು ಹುಟ್ಟುಗುಣವನ್ನು ದಾಟುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಡ.

ಪತ್ರಿಕೆಗಳಲ್ಲಿ ಈ ವಿಷಯ ಬರೆಯುವವರಿಗೆ ಒಂದು ವಿನಂತಿ. ಹಸುಳೆಗಳೂ ನೆರವಾಗುವ ಬೊಂಬೆಯನ್ನೇ ಆರಿಸುತ್ತವೆ ಎಂಬ 2007ರ ಪ್ರಯೋಗ ಇಂದಿಗೂ ಸಿದ್ಧಸತ್ಯದಂತೆ ಅಚ್ಚಾಗುತ್ತಿದೆ. ಅನೇಕ ದೇಶಗಳ ಪ್ರಯೋಗಾಲಯಗಳು ಕೂಡಿ ಅದನ್ನು ಮತ್ತೆ ಮಾಡಿದಾಗ ಆ ಒಲವು ಕಾಣಲಿಲ್ಲ. ಪಕ್ಕದ ಮಂಗಕ್ಕೆ ದ್ರಾಕ್ಷಿ ಸಿಕ್ಕದ್ದನ್ನು ಕಂಡು ತನ್ನ ಸೌತೆಕಾಯಿ ಬಿಸುಟ ಕಪುಚಿನ್ ಮಂಗದ 2003ರ ಪ್ರಯೋಗದ ಅರ್ಥವೂ ವಿವಾದದಲ್ಲಿದೆ. ಅದು ಅನ್ಯಾಯಕ್ಕೆ ಬಂದ ಸಿಟ್ಟೋ, ಕಣ್ಣೆದುರಿನ ದ್ರಾಕ್ಷಿ ಸಿಗದ ನಿರಾಶೆಯೋ ತೀರ್ಮಾನವಾಗಿಲ್ಲ. ಇಂಥ ಸುದ್ದಿ ಹಾಕುವಾಗ ಪ್ರಯೋಗ ಮತ್ತೆ ನಡೆದಿದೆಯೇ ಎಂದು ಒಂದು ಸಾಲು ಸೇರಿಸಿದರೆ ಓದುಗರಿಗೆ ಉಪಕಾರವಾಗುತ್ತದೆ.

ಎನ್‌ಸಿಇಆರ್‌ಟಿ (ಕೇಂದ್ರ ಸರ್ಕಾರದ ಪಠ್ಯಪುಸ್ತಕ ಸಂಸ್ಥೆ) 10ನೇ ತರಗತಿಯ ವಿಜ್ಞಾನ ಪುಸ್ತಕದ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಧ್ಯಾಯದಿಂದ ಜೀವವಿಕಾಸವನ್ನು ಕೈಬಿಟ್ಟಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ಇದನ್ನು ವಿರೋಧಿಸಿದರು. ವಿಕಾಸದ ಪಾಠ 12ನೇ ತರಗತಿಯ ಜೀವಶಾಸ್ತ್ರದಲ್ಲಿ ಉಳಿದಿದೆ ನಿಜ, ಆದರೆ ಕಲೆ, ವಾಣಿಜ್ಯ ಓದುವ ಮಕ್ಕಳು, 10ಕ್ಕೇ ಶಾಲೆ ಬಿಡುವ ಮಕ್ಕಳು ಅದನ್ನು ಎಂದೂ ಕಾಣುವುದಿಲ್ಲ. ನಾಳೆ ಗ್ರಾಮ ಪಂಚಾಯಿತಿಯಲ್ಲಿ ಕೂರುವವರು, ಕೋರ್ಟಿನಲ್ಲಿ ವಾದಿಸುವವರು, ಪತ್ರಿಕೆಗೆ ಬರೆಯುವವರು ಅವರೇ. ಅವರಿಗೆ ಈ ಶಾಸ್ತ್ರ ಸಿಗುವುದು ಮೇಲೆ ಹೇಳಿದ ಎರಡು ಕೆಟ್ಟ ವಾದಗಳ ರೂಪದಲ್ಲಿ ಮಾತ್ರ. ನಮ್ಮ ರಾಜ್ಯದ 10ನೇ ತರಗತಿಯ ಪುಸ್ತಕದಲ್ಲಿ ಜೀವವಿಕಾಸ ಇರಲೇಬೇಕು. ಅದಕ್ಕೆ ಮೂರು ಅವಧಿ ಹೆಚ್ಚು ಕೊಟ್ಟರೆ ಸಾಕು: ಒಂದರಲ್ಲಿ ಧಾರವಾಡದ ಮುಸುವಗಳು, ಒಂದರಲ್ಲಿ ಕಡಲೆಕಾಳಿನ ಆಟ, ಇನ್ನೊಂದರಲ್ಲಿ 1871ರ ಆ ಎರಡು ಪರಿಚ್ಛೇದಗಳನ್ನು ಪೂರ್ತಿಯಾಗಿ ಕನ್ನಡದಲ್ಲಿ ಓದುವುದು. ಶಿಕ್ಷಣ ಇಲಾಖೆ ಮುಂದಿನ ಪರಿಷ್ಕರಣೆಯಲ್ಲಿ ಇದನ್ನು ಪರಿಗಣಿಸಬೇಕೆಂದು ಕೋರುತ್ತೇನೆ.

ಇತಿ,
ತತ್ತ್ವಶಾಸ್ತ್ರ ಅಧ್ಯಾಪಕ, ವಿಜಯಪುರ